ಬಿ ಸೈಡ್ ಹಾಕಿ ಕೇಳಿಸಿ, ಅಪ್ಪ

ಮ್ಯಾಂಚೆಸ್ಟರ್
ಶನಿವಾರ ರಾತ್ರಿ

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಾನಿಲ್ಲಿ ಆರಾಮಾಗಿದ್ದೇನೆ. ಆಲ್ದೂರಿನಲ್ಲಿ ಕಾಫಿ ಅರಳಿಸುವ ಹೂಮಳೆ ಚೆನ್ನಾಗಿ ಬಿತ್ತು ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ಸಮಾಧಾನವಾಯಿತು. ನಿಮಗೆ ಹೇಳಬೇಕಾದ ಒಂದು ವಿಷಯ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಈ ಕಾಗದ.

ಇವತ್ತು ಹಳೆ ರೆಕಾರ್ಡ್ ಮಾರುವ ಅಂಗಡಿಗೆ ಹೋಗಿದ್ದೆ. 7 ಇಂಚಿನ ಪುಟ್ಟ ತಟ್ಟೆಗಳು, ನಿಮಿಷಕ್ಕೆ 45 ಸುತ್ತು. 1949ರಲ್ಲಿ ಅಮೆರಿಕದಲ್ಲಿ ಶುರುವಾದವು. ಒಂದು ಬದಿಗೆ ಒಂದೇ ಹಾಡು. ಗೆಲ್ಲುತ್ತೆ ಅಂತ ಕಂಪನಿಯವರು ನಂಬಿದ ಹಾಡು ಎ ಸೈಡಿಗೆ. ಹಿಂದಿನ ಬದಿ ಖಾಲಿ ಬಿಡೋಕಾಗುತ್ತಾ? ಅಲ್ಲಿಗೂ ಒಂದು ಹಾಡು ಬೇಕು. ಅದೇ ಬಿ ಸೈಡ್. ನಾನು ಎತ್ತಿಕೊಂಡ ತಟ್ಟೆಯಲ್ಲಿ ಯಾರೋ ಬಿ ಸೈಡಿನ ಹಾಡಿನ ಪಕ್ಕ ನೀಲಿ ಪೆನ್ನಿನಲ್ಲಿ ಚಿಕ್ಕದಾಗಿ ಟಿಕ್ ಹಾಕಿದ್ದರು. ಅದನ್ನು ನೋಡಿದ್ದೇ ನಿಮ್ಮ ನೆನಪಾಯಿತು.

ನೀವು ಹಾಡಿನ ಪಟ್ಟಿ ಬರೆದುಕೊಂಡು ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗುತ್ತಿದ್ದಿರಿ. 60 ನಿಮಿಷದ ಖಾಲಿ ಕ್ಯಾಸೆಟ್ಟು, ಪಟ್ಟಿಯಲ್ಲಿ ಹತ್ತು ಹನ್ನೊಂದು ಸಿನಿಮಾ ಹಾಡು. ಬಿ ಸೈಡಿನ ಕೊನೆಯಲ್ಲಿ ಸ್ವಲ್ಪ ಟೇಪು ಉಳಿಯುತ್ತಿತ್ತು. ರೆಕಾರ್ಡಿಂಗ್ ಅಂಗಡಿಯವರು ತಮಗೆ ಹಿಡಿಸಿದ ಹಾಡೊಂದನ್ನು ಅಲ್ಲಿ ತುಂಬಿ ಕೊಡುತ್ತಿದ್ದರು. ಸುಮ್ನೆ, ಕಾಸು ಕೇಳದೆ. ಮೈಸೂರು ಅನಂತಸ್ವಾಮಿಯವರ ದನಿ ನಮ್ಮ ಮನೆಗೆ ಬಂದದ್ದು ಹಾಗೇ ಅಲ್ವಾ? ಎರಡನೇ ಚರಣ ಶುರುವಾಗುವಷ್ಟರಲ್ಲಿ ಟೇಪು ಮುಗಿದು ಬಟನ್ನು ಟಕ್ ಅಂತ ಮೇಲೆದ್ದುಬಿಡುತ್ತಿತ್ತು. ಮುಂದಿನ ಸಾಲನ್ನು ನೀವು ಒಲೆ ಮುಂದೆ ಕೂತು ಹಾಡಿಕೊಳ್ಳುತ್ತಿದ್ದಿರಿ.

ಇಂಗ್ಲಿಷಿನಲ್ಲೂ ಅಂಥ ಹಾಡುಗಳಿಗೆ ದೊಡ್ಡ ಕಥೆಗಳಿವೆ. 1978ರಲ್ಲಿ ಅಮೆರಿಕದ ಗಾಯಕಿ ಗ್ಲೋರಿಯಾ ಗೇನರ್ ಹಾಡಿದ ‘ಐ ವಿಲ್ ಸರ್ವೈವ್’ ಮೊದಲು ಬಂದದ್ದು ಬಿ ಸೈಡಿನಲ್ಲಿ. ಡಿಸ್ಕೋಗಳಲ್ಲಿ ರೆಕಾರ್ಡ್ ಹಾಕುವವರು ತಟ್ಟೆ ತಿರುವಿ ಅದನ್ನೇ ಹಾಕಿದರು, ಅದೇ ಗೆದ್ದಿತು. ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿತು. ತಟ್ಟೆ ಮಾರಾಟವಾದರೆ ಎರಡೂ ಬದಿಯ ಹಾಡು ಬರೆದವರಿಗೆ ಸಮಪಾಲು. 1975ರಲ್ಲಿ ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸಡಿ’ ಬಂದಾಗ ಅದರ ಹಿಂದಿನ ಬದಿಯಲ್ಲಿ ಡ್ರಮ್ಸ್ ಬಾರಿಸುವ ರೋಜರ್ ಟೇಲರ್ ಬರೆದ ಹಾಡಿತ್ತು. ಹಿಂದೆ ಕೂತು ಬಾರಿಸುವವನಿಗೂ ಒಂದು ಜಾಗ, ದುಡ್ಡಿನಲ್ಲೂ ಪಾಲು.

ಸಿಡಿ ಬಂದ ಮೇಲೆ ತಿರುವುವ ಬದಿಯೇ ಇಲ್ಲವಾಯಿತು. ಆದರೂ ಇಲ್ಲಿನವರು ಒಂದು ಹಾಡಿಗಾಗಿ ಬಿಡುವ ಸಿಂಗಲ್ ಸಿಡಿಯಲ್ಲಿ ಇನ್ನೆರಡು ಮೂರು ಹಾಡು ಸೇರಿಸಿ ಪದ್ಧತಿ ಉಳಿಸಿಕೊಂಡರು. 2003ರಲ್ಲಿ ಆಪಲ್‌ನವರು ಇಂಟರ್ನೆಟ್ಟಿನಲ್ಲಿ ಐಟ್ಯೂನ್ಸ್ ಅಂಗಡಿ ತೆರೆದು ಒಂದೊಂದೇ ಹಾಡನ್ನು 99 ಸೆಂಟಿಗೆ ಬಿಡಿಯಾಗಿ ಮಾರಿದರು. ಬೇಕಾದ್ದನ್ನು ಮಾತ್ರ ಕೊಳ್ಳಬಹುದು ಅಂದ ಮೇಲೆ ಬೆನ್ನಿಗೆ ಅಂಟಿಕೊಂಡು ಬರುವ ಹಾಡನ್ನು ಯಾರು ಕೇಳುತ್ತಾರೆ?

ಈಗ ಫೋನಿನಲ್ಲಿ ಹಾಡಿಗೇನೂ ಬರವಿಲ್ಲ. ಆದರೆ ಒಂದು ಕೇಳಿದರೆ ಅದರಂಥದ್ದೇ ಇನ್ನೊಂದು ಬರುತ್ತದೆ. ಹಿಡಿಸದಿದ್ದರೆ ಐದು ಸೆಕೆಂಡಿನಲ್ಲಿ ದಾಟಿಸಿಬಿಡುತ್ತೇನೆ. ಮಳೆಗಾಲದಲ್ಲಿ ಕರೆಂಟಿಲ್ಲದಾಗ ಫಾರ್ವರ್ಡ್ ಒತ್ತಿದರೆ ಸೆಲ್ಲು ಬೇಗ ಖಾಲಿಯಾಗುತ್ತೆ ಅಂತ ನೀವು ಬಿಡುತ್ತಿರಲಿಲ್ಲ. ಅದಕ್ಕೇ ಆ ಭಾವಗೀತೆಯನ್ನು ಪೂರ್ತಿ ಕೇಳಿದೆ. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಹಿಡಿಸಿತು. ಈಗ ಅದೇ ಜಾಸ್ತಿ ನೆನಪಾಗುತ್ತದೆ.

ಆ ಕ್ಯಾಸೆಟ್ಟು ಅಟ್ಟದ ಟ್ರಂಕಿನಲ್ಲಿ ಇರಬೇಕು. ಮಳೆ ಹಿಡಿಯುವ ಮುಂಚೆ ತೆಗೆದು ನೋಡಿ, ಬೂಷ್ಟು ಹಿಡಿದರೆ ಕಷ್ಟ. ಟೇಪು ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಿ. ನಾನು ಭಾನುವಾರ ಫೋನ್ ಮಾಡಿದಾಗ ಬಿ ಸೈಡ್ ಹಾಕಿ, ಫೋನನ್ನು ಟೇಪ್ ರೆಕಾರ್ಡರ್ ಹತ್ತಿರ ಹಿಡಿಯಿರಿ. ಬಟನ್ನು ಟಕ್ ಅಂದ ಮೇಲೂ ಫೋನ್ ಇಡಬೇಡಿ. ಮುಂದಿನ ಸಾಲು ನೀವು ಹಾಡಬೇಕು.

ನಿಮ್ಮ ಮಗಳು