ಬಾಕ್ಸಿಂಗ್ ಅಂದರೆ ಹೊಡೆದಾಟವಲ್ಲ

ಸಂಪಾದಕರೇ,

ಶಾಲೆಯಲ್ಲಿ ಬಾಕ್ಸಿಂಗ್ ಕಲಿಸಿದರೆ ಮಕ್ಕಳು ಪುಂಡರಾಗುತ್ತಾರೆ ಎಂಬ ಮಾತು ಪೋಷಕರಿಂದ ಆಗಾಗ ಕೇಳಿಬರುತ್ತದೆ. ಇದು ಸುಮ್ನೆ ಹೆದರಿಕೆ. ಬೆರಳಿಗೆ ಮೊನಚು ಆಯುಧ ತೊಟ್ಟು ಆಡುವ ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗವನ್ನೇ ನೋಡಿ. ವಿಜಯದಶಮಿಯಂದು ತಲೆ ಬೋಳಿಸಿಕೊಂಡ ಜಟ್ಟಿಗಳು ಅರಮನೆಯಲ್ಲಿ ಎದುರುಬದುರಾಗುತ್ತಾರೆ. ಒಬ್ಬನ ತಲೆಯಿಂದ ಒಂದು ಹನಿ ರಕ್ತ ಬಂತೋ, ಕಾಳಗ ಅಲ್ಲಿಗೇ ಮುಗಿಯಿತು. ಮತ್ತೊಂದು ಏಟು ಇಲ್ಲ. ಕ್ರಿ.ಪೂ. 688ರಲ್ಲಿ ಒಲಿಂಪಿಕ್ಸ್ ಸೇರಿದ ಗ್ರೀಕರ ಮುಷ್ಟಿಕಾಳಗದಲ್ಲೂ ಬೆರಳೆತ್ತಿದರೆ ಸೋಲೊಪ್ಪಿದಂತೆ. ಕೈಗೆ ಬರೀ ತೊಗಲಿನ ಪಟ್ಟಿ, ಆಗ ಗ್ಲೌಸ್ ಎಲ್ಲಿತ್ತು!

ಇಂದಿನ ರಿಂಗ್‌ನಲ್ಲಿ ನಿಯಮ ಇನ್ನೂ ಬಿಗಿ. ರೆಫರಿ ‘ಸ್ಟಾಪ್’ ಅಂದ ಕೂಡಲೇ ಕೈ ನಿಲ್ಲಬೇಕು. ಸೊಂಟದ ಕೆಳಗೆ, ತಲೆಯ ಹಿಂಭಾಗಕ್ಕೆ ಹೊಡೆಯುವಂತಿಲ್ಲ. ಸಿಟ್ಟಿಗೆದ್ದವನು ಗಾರ್ಡ್ (ಮುಖಕ್ಕೆ ಅಡ್ಡ ಹಿಡಿದ ಕೈ) ಬಿಡುತ್ತಾನೆ, ಏಟು ತಿನ್ನುತ್ತಾನೆ. ಸಿಟ್ಟು ಹಿಡಿತಕ್ಕೆ ಬರಲು ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ತಲೆಗೆ ಪೆಟ್ಟಾಗುವ ಭಯ ಮಾತ್ರ ನ್ಯಾಯವಾದದ್ದೇ. ಅದಕ್ಕೇ ಶುರುವಿನಲ್ಲಿ ಹಗ್ಗ ಜಿಗಿತ, ಕಾಲಿನ ಚಲನೆ, ಪಂಚಿಂಗ್ ಬ್ಯಾಗ್ ಸಾಕು. ಎದುರಾಳಿ ಆಮೇಲೆ ಬರಲಿ. ಹೊಸ ಕಟ್ಟಡವೂ ಬೇಡ. ನಗರದ ಗರಡಿಮನೆಗಳಲ್ಲಿ ಜಾಗವಿದ್ದ ಕಡೆ ಸಂಜೆ ಒಂದು ತಾಸು ಬಿಟ್ಟುಕೊಟ್ಟು, ಕ್ರೀಡಾ ಇಲಾಖೆ ತರಬೇತುದಾರರನ್ನು ಕಳುಹಿಸಲಿ. ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶ ಇರಲಿ.

– ಒಬ್ಬ ಓದುಗ, ಮೈಸೂರು