ಮಿದುಳಿನ ಕಸ ಅಳೆಯುವ ಅಂಕಿ: ಎಚ್ಚರವಿರಲಿ

ಮಾನ್ಯ ಸಂಪಾದಕರೇ,

ಮಿದುಳು ರಕ್ತನಾಳಗಳ ಗುಂಟ ದ್ರವ ಹರಿಸಿ ಕಸ ಹೊರಹಾಕುವ ಗ್ಲಿಂಫ್ಯಾಟಿಕ್ ವ್ಯವಸ್ಥೆಯನ್ನು 2012ರಲ್ಲಿ ಇಲಿಗಳಲ್ಲಿ ವಿವರಿಸಲಾಯಿತು. ಅದನ್ನು ಎಂಆರ್‌ಐಯಲ್ಲಿ ಅಂದಾಜಿಸಲು ಜಪಾನಿನ ತಂಡ 2017ರಲ್ಲಿ ‘ಆಲ್ಪ್ಸ್ ಸೂಚ್ಯಂಕ’ ಕೊಟ್ಟಿತು. ಇದಕ್ಕೆ ಚುಚ್ಚುಮದ್ದು ಬೇಡ, ಅದೇ ಇದರ ಆಕರ್ಷಣೆ.

ಮಿದುಳಿನೊಳಗೆ ದ್ರವ ತುಂಬಿದ ಪಾರ್ಶ್ವ ಕುಹರದ ಮಟ್ಟದಲ್ಲಿ ಸಣ್ಣ ರಕ್ತನಾಳಗಳು ಎಡ-ಬಲಕ್ಕೆ ಸಾಗುತ್ತವೆ. ನರತಂತುಗಳದು ಬೇರೆ ದಾರಿ: ಕೆಲವು ಮೇಲೆ-ಕೆಳಗೆ, ಕೆಲವು ಹಿಂದೆ-ಮುಂದೆ. ಹಾಗಾಗಿ ನಾಳದ ಗುಂಟ ನೀರಿನ ಚಲನೆಯನ್ನು, ನಾಳಕ್ಕೂ ತಂತುವಿಗೂ ಅಡ್ಡವಾದ ದಿಕ್ಕಿನ ಚಲನೆಯಿಂದ ಭಾಗಿಸುತ್ತಾರೆ. ಉತ್ತರ 1ರ ಹತ್ತಿರ ಬಂದರೆ ನಾಳದ ಗುಂಟ ಹೆಚ್ಚುವರಿ ಚಲನೆ ಇಲ್ಲವೆಂದರ್ಥ.

ತೊಡಕು ಇಲ್ಲೇ ಇದೆ. ತಲೆ ತುಸು ವಾಲಿದರೂ, ಅಳೆಯಲು ಚಿತ್ರದ ಮೇಲೆ ಗುರುತಿಸುವ ವೃತ್ತ ಪಕ್ಕದ ತಂತುವಿಗೆ ಸರಿದರೂ ಅಂಕಿ ಬದಲಾಗುತ್ತದೆ. ವಯಸ್ಸು, ಬಿಪಿಯಿಂದ ಬಿಳಿದ್ರವ್ಯ (ನರತಂತುಗಳಿರುವ ಭಾಗ) ಸವೆದಿದ್ದರೆ ತಂತುಗಳಿಗೆ ಅಡ್ಡಲಾಗಿಯೂ ನೀರು ಸುಲಭವಾಗಿ ಚಲಿಸಿ ಅನುಪಾತ ಇಳಿಯುತ್ತದೆ. ಕಸ ಕಟ್ಟಿದೆಯೋ, ರಚನೆಯೇ ಕೆಟ್ಟಿದೆಯೋ ಈ ಅಂಕಿ ಒಂದರಿಂದ ಹೇಳಲಾಗದು. ಸೂಚ್ಯಂಕಕ್ಕೂ ಮಿದುಳಿನ ರಚನೆಗೂ ನಂಟು ಕಂಡಿತು ಎಂಬ ಸುದ್ದಿ ಬರೆಯುವಾಗ ಇದನ್ನೂ ಸೇರಿಸಬೇಕೆಂದು ಕೋರುತ್ತೇವೆ.

ಗದಗ, ಹಾವೇರಿಯಿಂದ ಹುಬ್ಬಳ್ಳಿಗೆ ಸ್ಕ್ಯಾನಿಗೆ ಬರುವ ಹಿರಿಯರು ಇದನ್ನು ಮರೆವಿನ ರೋಗದ ಪರೀಕ್ಷೆ ಎಂದುಕೊಳ್ಳಬಾರದು. ಸದ್ಯಕ್ಕೆ ಇದು ಸಂಶೋಧನೆಯ ಅಳತೆ ಮಾತ್ರ.

– ಎಂಆರ್‌ಐ ತಂತ್ರಜ್ಞರು, ಹುಬ್ಬಳ್ಳಿ