‘ಗುಳ್ಳೆನುಂಗಿ’ಯನ್ನು ತಪ್ಪು ಎನ್ನಬೇಡಿ

ಮಾನ್ಯ ಸಂಪಾದಕರೇ,

ನಾನು ಭಟ್ಕಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಸಲದ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಥರ್ಮಾಕೋಲಿನಲ್ಲಿ ಜೀವಕೋಶ ಮಾಡಿದ್ದಳು. ಮೈಟೋಕಾಂಡ್ರಿಯಾದ ಪಕ್ಕ ನೀಲಿ ಬಣ್ಣದ ಹೊಸ ಕಣದಂಗವೊಂದನ್ನು (ಜೀವಕೋಶದೊಳಗಿನ ಪುಟ್ಟ ಅಂಗ) ಅಂಟಿಸಿ ‘ಗುಳ್ಳೆನುಂಗಿ’ ಎಂದು ಹೆಸರಿಟ್ಟಿದ್ದಳು. ಸಮುದ್ರದಲ್ಲಿ ಮುಳುಗಿ ಮೇಲೆ ಬರುವವರ ಮೈಯಲ್ಲಿ ಏಳುವ ಗುಳ್ಳೆಗಳನ್ನು ತಡೆಯಲು ಅವಳೇ ಕಲ್ಪಿಸಿಕೊಂಡ ಕಣದಂಗ ಅದು. ತೀರ್ಪುಗಾರರೊಬ್ಬರು ‘ಇದು ಪುಸ್ತಕದಲ್ಲಿ ಇಲ್ವಲ್ಲ’ ಎಂದು ಹೇಳಿ ಮುಂದಿನ ಮೇಜಿಗೆ ಹೋಗಿಬಿಟ್ಟರು. ಅವಳು ಅವತ್ತು ಹೇಳಲಾಗದ್ದನ್ನು ನಾನಿಲ್ಲಿ ಹೇಳಬೇಕಾಗಿದೆ.

ಅವಳ ಅಣ್ಣ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗುವ ದೋಣಿಯಲ್ಲಿ ಕೆಲಸಕ್ಕಿದ್ದಾನೆ. ‘ಮೇಲೆ ಬರುವಾಗ ಗಡಿಬಿಡಿ ಮಾಡಬಾರದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು’ ಅನ್ನುವ ಮಾತನ್ನು ಅವಳು ಮನೆಯಲ್ಲೇ ಕೇಳಿದವಳು. ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ನೈಟ್ರೋಜನ್. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, ಇಪ್ಪತ್ತು ಮೀಟರಿಗೆ ಮೂರು ಪಟ್ಟು. ಆಗ ಹೆಚ್ಚಿನ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ಒಮ್ಮೆಲೇ ಮೇಲೆ ಬಂದರೆ ಗೋಲಿ ಸೋಡಾ ಒಡೆದಂತೆ ಒಳಗೇ ಗುಳ್ಳೆ ಏಳುತ್ತದೆ. ಕೀಲು ನೋವು ಬರಬಹುದು, ಕಾಲು ಸ್ವಾಧೀನ ತಪ್ಪಬಹುದು, ಜೀವವೂ ಹೋಗಬಹುದು. ನದಿಯ ತಳದಲ್ಲಿ ಒತ್ತಿ ತುಂಬಿದ ಗಾಳಿಯ ಕೋಣೆಗಳಿಗೆ ಇಳಿದು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟಿಸುತ್ತಿದ್ದ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಹಾಸಿಗೆ ಹಿಡಿದದ್ದು ಇದೇ ಕಾಯಿಲೆಯಿಂದ. ಆಮೇಲೆ ಕೆಲಸದ ಉಸ್ತುವಾರಿ ನೋಡಿಕೊಂಡವರು ಅವರ ಹೆಂಡತಿ ಎಮಿಲಿ.

ಹುಡುಗಿಗೆ ಉಪಾಯ ಹೊಳೆದದ್ದು ಶೇಂಗಾ ಗದ್ದೆಯಲ್ಲಿ. ಶೇಂಗಾ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ತನ್ನಲ್ಲಿರುವ ಕಿಣ್ವವೊಂದರಿಂದ ನೈಟ್ರೋಜನ್ನನ್ನು ಅಮೋನಿಯ ಮಾಡುತ್ತದೆ. ಅದೇ ಕೆಲಸ ನಮ್ಮ ಜೀವಕೋಶದೊಳಗೇ ಆದರೆ ಗುಳ್ಳೆ ಏಳಲು ಅನಿಲವೇ ಉಳಿಯುವುದಿಲ್ಲ, ಅಲ್ವಾ? ಅಮೋನಿಯ ವಿಷ ಎಂದು ಅವಳಿಗೆ ಗೊತ್ತು. ಅದಕ್ಕೇ ಅದನ್ನು ಪಿತ್ತಜನಕಾಂಗಕ್ಕೆ ಕಳಿಸಿ ಯೂರಿಯಾ ಮಾಡಿಸಿದ್ದಾಳೆ. ಆಕ್ಸಿಜನ್ ತಾಗಿದರೆ ಈ ಕಿಣ್ವ ಹಾಳಾಗುತ್ತದೆ ಎಂದು ಗುಳ್ಳೆನುಂಗಿಗೆ ದಪ್ಪ ಗೋಡೆ ಕಟ್ಟಿದ್ದಾಳೆ. ಇಪ್ಪತ್ತು ಮೀಟರಿನಲ್ಲಿ ತುಂಬ ಹೊತ್ತು ಇದ್ದರೆ ಮೈಯಲ್ಲಿ ಸುಮಾರು ಎರಡು ಲೀಟರ್ ನೈಟ್ರೋಜನ್ ಜಾಸ್ತಿ ಸೇರುತ್ತದೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅಷ್ಟೂ ಸೇರಿ ಐದು ಗ್ರಾಂ ಯೂರಿಯಾ! ಮೂತ್ರದಲ್ಲಿ ದಿನಕ್ಕೆ ಅದರ ನಾಲ್ಕೈದು ಪಟ್ಟು ಹೇಗೂ ಹೋಗುತ್ತದೆ. ತೊಡಕು ಇರುವುದು ವೇಗದಲ್ಲಿ. ಒಂದು ಕಿಣ್ವ ಸೆಕೆಂಡಿಗೆ ಕೆಲವೇ ಅಣುಗಳನ್ನು ಮುಗಿಸುತ್ತದೆ.

ಇದು ಸುಮ್ನೆ ಮಕ್ಕಳಾಟವಲ್ಲ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ವಿಜ್ಞಾನಿಗಳು ಹೈಡ್ರೋಜನ್ ತಿನ್ನುವ ಸೂಕ್ಷ್ಮಜೀವಿಯನ್ನು ಇಲಿಗಳ ಕರುಳಿಗೆ ಬಿಟ್ಟು, ಹೈಡ್ರೋಜನ್ ಬೆರೆತ ಅನಿಲದಲ್ಲಿ ಒತ್ತಡಕ್ಕೆ ಒಳಪಡಿಸಿದರು. ಅಲ್ಲಿ ಮೈಯಲ್ಲಿ ಕರಗಿ ಗುಳ್ಳೆಯಾಗುವುದು ಹೈಡ್ರೋಜನ್. ಅಂಥ ಇಲಿಗಳಲ್ಲಿ ಈ ಕಾಯಿಲೆ ಕಡಿಮೆಯಾಯಿತು. 2024ರ ಏಪ್ರಿಲಿನಲ್ಲಿ ಸಮುದ್ರದ ಪಾಚಿಯೊಂದರಲ್ಲಿ ನೈಟ್ರೋಜನ್ ಹಿಡಿಯುವ ನಿಜವಾದ ಕಣದಂಗವೇ ಇದೆ ಎಂದು ವಿಜ್ಞಾನಿಗಳು ಪ್ರಕಟಿಸಿದರು. ಅದಕ್ಕೆ ‘ನೈಟ್ರೋಪ್ಲಾಸ್ಟ್’ ಎಂದು ಹೆಸರು. ಅದೂ ಅವಳ ಪುಸ್ತಕದಲ್ಲಿ ಇಲ್ಲ.

ಪ್ರದರ್ಶನ ನಡೆಸುವವರಲ್ಲಿ ನನ್ನದೊಂದೇ ಕೇಳಿಕೆ. ಪ್ರತಿ ಮಗುವಿಗೆ ಐದು ನಿಮಿಷ ಮಾತಾಡಲು ಬಿಡಿ. ‘ಇದು ಇದೆಯಾ’ ಎಂದು ಕೇಳುವ ಬದಲು ‘ಇದು ಹೇಗೆ ಕೆಲಸ ಮಾಡುತ್ತೆ’ ಎಂದು ಕೇಳಿ ಅಂಕ ಕೊಡಿ. ಗುಳ್ಳೆನುಂಗಿ ಈಗ ನಮ್ಮ ಪ್ರಯೋಗಾಲಯದ ಕಪಾಟಿನ ಮೇಲಿದೆ. ಒಂದು ಜೀವಕೋಶಕ್ಕೆ ಎಷ್ಟು ಗುಳ್ಳೆನುಂಗಿ ಬೇಕು ಎಂಬ ಲೆಕ್ಕವನ್ನು ಅವಳು ಇನ್ನೂ ಮಾಡುತ್ತಿದ್ದಾಳೆ.

– ವಿಜ್ಞಾನ ಶಿಕ್ಷಕಿ, ಭಟ್ಕಳ ತಾಲ್ಲೂಕು